ಬಿ 44ನೇ ಗೇಟಿನ ಶನಿ

ದೊಡ್ಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದೊಳಗೆ ಕಾಲಿಟ್ಟರೆ ಮನುಷ್ಯರಿಗಿಂತ ಮೊದಲು ಎದುರಾಗುವುದು ಸಂಖ್ಯೆಗಳು. ಟರ್ಮಿನಲ್ಲಿಗೊಂದು, ಕೌಂಟರಿಗೊಂದು, ವಿಮಾನಕ್ಕೊಂದು, ಗೇಟಿಗೊಂದು, ಆಸನದ ಸಾಲಿಗೊಂದು, ವಿಮಾನ ಹತ್ತುವ ಗುಂಪಿಗೊಂದು. ಸೂಟ್‌ಕೇಸಿನ ಹಿಡಿಗೆ ಸುತ್ತುವ ಪಟ್ಟಿಯ ಮೇಲೆ ಹತ್ತು ಅಂಕಿಗಳು, ಟಿಕೆಟ್ಟಿನ ಮೇಲೆ ಹದಿಮೂರು ಅಂಕಿಗಳು. ಇವುಗಳಲ್ಲಿ ಯಾವುದು ನಮಗೆ, ಯಾವುದು ಯಂತ್ರಕ್ಕೆ, ಯಾವುದನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಮರೆತರೂ ನಡೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಪದೇ ಪದೇ ಓಡಾಡುವವರಿಗೆ ಇದು ರೂಢಿಯಾಗಿಬಿಟ್ಟಿರುತ್ತದೆ. ಮೊದಲ ಸಲ ಒಂಟಿಯಾಗಿ ಹೊರಟವರ ಪಾಲಿಗೆ ಅದು ಬೇರೆಯವರು ಬರೆದಿಟ್ಟ ಗುಟ್ಟಿನ ಲಿಪಿ.

ಸಂಖ್ಯಾಶಾಸ್ತ್ರವನ್ನು ನಂಬುವವರು ಇಂಥ ಕಡೆ ಆ ಅಂಕಿಗಳನ್ನು ಕೂಡಲು ತೊಡಗುತ್ತಾರೆ. ಗೇಟಿನದ್ದನ್ನು ಕೂಡುತ್ತಾರೆ, ಆಸನದ್ದನ್ನು ಕೂಡುತ್ತಾರೆ, ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಾರೆ. ಅದನ್ನು ಕಂಡು ಅಕ್ಕಪಕ್ಕದವರು ಮುಸಿಮುಸಿ ನಗುವುದನ್ನೂ ನೋಡಿದ್ದೇನೆ. ನನಗೆ ಆ ನಗು ಹಿಡಿಸುವುದಿಲ್ಲ. ಸಂಖ್ಯೆ ಒಬ್ಬರ ಭವಿಷ್ಯವನ್ನು ಹೇಳುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ಒಬ್ಬರನ್ನು ಅರ್ಥ ಹೇಳದ ಸಂಖ್ಯೆಗಳ ನಡುವೆ ತಂದು ನಿಲ್ಲಿಸಿ, ಅವರು ತಮಗೆ ಗೊತ್ತಿರುವ ಒಂದೇ ಅರ್ಥವನ್ನು ಅವಕ್ಕೆ ಹಚ್ಚಿದರೆ ತಪ್ಪು ಅವರದ್ದಲ್ಲ ಎಂದು ಗಟ್ಟಿಯಾಗಿ ನಂಬುತ್ತೇನೆ. ಹಾಗೆ ನಂಬಲು ಒಬ್ಬ ಹಿರಿಯ ಹೆಂಗಸು ಕಾರಣ.

4 ಮತ್ತು 8 ಬೇಡ

ಯುರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಲು ಕಾಯುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಎಪ್ಪತ್ತರ ಆಸುಪಾಸಿನವರೊಬ್ಬರು ಕೂತಿದ್ದರು. ತೊಡೆಯ ಮೇಲೆ ಅಂಗೈ ಅಗಲದ ನೋಟ್‌ಬುಕ್, ಅದರ ಪಕ್ಕದಲ್ಲಿ ಬೋರ್ಡಿಂಗ್ ಪಾಸ್. ಪೆನ್ಸಿಲಿನಿಂದ ಏನೋ ಬರೆಯುತ್ತಾರೆ, ತಲೆಯಾಡಿಸುತ್ತಾರೆ, ಅದರ ಕೆಳಗೇ ಮತ್ತೊಮ್ಮೆ ಬರೆಯುತ್ತಾರೆ. ಮೆಲುದನಿಯಲ್ಲಿ ಎಣಿಸುತ್ತಿದ್ದುದು ಕಿವಿಗೆ ಬಿತ್ತು, ಕನ್ನಡ. ಎದ್ದು ಹೋಗಿ ಪಕ್ಕದಲ್ಲಿ ಕೂತು, "ಎಲ್ಲಿಗೆ ಹೊರಟಿದ್ದೀರಿ ಅಮ್ಮಾ?" ಎಂದು ಕೇಳಿದೆ. ಮಗಳ ಮನೆಗೆ, ಮೊದಲ ಸಲ ಒಬ್ಬರೇ. ಮೊದಲ ವಿಮಾನ ಇಳಿದು ಇಲ್ಲಿಯವರೆಗೆ ಬಂದಿದ್ದರು. ಇಲ್ಲಿಂದ ಮುಂದೆ ಏಳಲು ಮನಸ್ಸಾಗದೆ ಕೂತುಬಿಟ್ಟಿದ್ದರು.

ನೋಟ್‌ಬುಕ್ಕಿನ ಮೊದಲ ಪುಟವನ್ನು ಅವರೇ ತೋರಿಸಿದರು. ಹುಟ್ಟಿದ ತಾರೀಖು 17, ಆದ್ದರಿಂದ ಜನ್ಮಸಂಖ್ಯೆ ಎಂಟು, ಅಂದರೆ ಶನಿ. ಅದರ ಕೆಳಗೆ ಬೇರೆಯವರ ಕೈಬರಹದಲ್ಲಿ, ಎರಡು ಗೆರೆ ಎಳೆದು, "4 ಮತ್ತು 8 ಬೇಡ" ಎಂದಿತ್ತು. ಎಂಟರ ಜನರಿಗೆ ಈ ಶಾಸ್ತ್ರ ಹೇಳುವ ಮಾಮೂಲು ಎಚ್ಚರಿಕೆ ಇದು: ನಾಲ್ಕು ರಾಹು, ಎಂಟು ಶನಿ, ಇವೆರಡೂ ಒಂದನ್ನೊಂದು ಎಳೆಯುತ್ತವೆ, ಬೇಕೆಂದೇ ಸೇರಿಸಿಕೊಳ್ಳಬಾರದು. ಬೋರ್ಡಿಂಗ್ ಪಾಸಿನಲ್ಲಿ ಗೇಟು ಬಿ 44, ಸಾಲು 31, ಗುಂಪು 4.

"ನಾಲ್ಕು ನಾಲ್ಕು ಎಂಟು. ಮೂರು ಒಂದು ನಾಲ್ಕು. ಗುಂಪೂ ನಾಲ್ಕು. ಯಾಕಮ್ಮಾ ಎಲ್ಲವೂ ಹೀಗೇ ಬಂತು?" ಎಂದರು. ದನಿಯಲ್ಲಿ ಇದ್ದದ್ದು ಮೂಢನಂಬಿಕೆಯ ಹಟವಲ್ಲ, ದಣಿವು. ಪರದೆಯ ಮೇಲೆ ಅವರ ಗೇಟು ತೆರೆದಿದೆ ಎಂದು ಬಂದಾಗಿತ್ತು. ನನ್ನ ಗೇಟೂ ಅದೇ ಕಡೆ, ಮಾತಾಡುತ್ತಾ ಹೋಗೋಣ ಬನ್ನಿ ಎಂದೆ. ಎದ್ದರು.

ಉದ್ದನೆಯ ಕಾರಿಡಾರು. ಬಲಗಡೆ 34, 36, 38. ಎಡಗಡೆ 35, 37, 39. ಬಿ ಎಂದರೆ ನಿಲ್ದಾಣದ ಈ ತೋಳಿನ ಹೆಸರು, ಬುಡದಿಂದ ತುದಿಯ ಕಡೆಗೆ ಸಂಖ್ಯೆ ಏರುತ್ತದೆ, ಒಂದು ಮಗ್ಗುಲಿಗೆ ಸಮ, ಇನ್ನೊಂದು ಮಗ್ಗುಲಿಗೆ ಬೆಸ ಎಂದು ನಡೆಯುತ್ತಲೇ ಹೇಳಿದೆ. ಅವರು ನಿಂತು ಎರಡೂ ಕಡೆ ನೋಡಿದರು. "ಬೀದಿಯ ಮನೆ ನಂಬರಿನ ಹಾಗೆ" ಎಂದರು. ಅಲ್ಲಿಂದ ಮುಂದೆ ಪ್ರತಿ ಗೇಟಿನ ಸಂಖ್ಯೆಯನ್ನೂ ಗಟ್ಟಿಯಾಗಿ ಓದುತ್ತಾ ಬಂದರು: ನಲವತ್ತು, ನಲವತ್ತೆರಡು. ನಲವತ್ತೆರಡು ಆದ ಮೇಲೆ ನಲವತ್ತನಾಲ್ಕಲ್ಲದೆ ಇನ್ನೇನು ಬಂದೀತು ಎಂಬುದು ಅವರಿಗೆ ನಾನು ಹೇಳುವ ಮೊದಲೇ ಹೊಳೆದಿತ್ತು. ಹೆಜ್ಜೆಯಲ್ಲೇ ಅದು ಕಾಣುತ್ತಿತ್ತು.

ಆದರೂ ಗೇಟಿನ ಮುಂದೆ ನಿಂತು ನೋಟ್‌ಬುಕ್ ಬಿಚ್ಚಿದರು. ಕೊನೆಯ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಕೋಷ್ಟಕವಿತ್ತು. "ಬಿ ಅಕ್ಷರಕ್ಕೂ ಎರಡು ಇದೆ ನೋಡಮ್ಮಾ. ಅದನ್ನೂ ಸೇರಿಸಬೇಕಲ್ಲವೇ?" ಎರಡು, ನಾಲ್ಕು, ನಾಲ್ಕು ಕೂಡಿ ಹತ್ತು, ಹತ್ತೆಂದರೆ ಒಂದು, ಒಂದೆಂದರೆ ಸೂರ್ಯ. ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು, ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು, ನಾಲ್ಕನೇ ಗುಂಪಿನ ಸಾಲಿಗೆ ಸೇರಿಕೊಂಡರು. ಅವರನ್ನು ಒಳಗೆ ನಡೆಸಿದ್ದು ಸಮ-ಬೆಸದ ತಿಳಿವಳಿಕೆಯೋ, ಸೂರ್ಯನೋ, ಅಥವಾ ಜೊತೆಗೊಬ್ಬರು ಕನ್ನಡ ಮಾತಾಡುತ್ತಾ ನಡೆದದ್ದೋ, ನಾನು ವಿಂಗಡಿಸಲು ಹೋಗಲಾರೆ.

ಒಂಬತ್ತರ ಲೆಕ್ಕ

ಆ ಕೊನೆಯ ಗಳಿಗೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಒಂದು ಅಕ್ಷರವನ್ನು ಸೇರಿಸಿಕೊಂಡರೆ ಶನಿ ಹೋಗಿ ಸೂರ್ಯ ಬರುತ್ತಾನೆಂದರೆ, ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಅಕ್ಷರಗಳ ಕೋಷ್ಟಕವೂ ಒಂದೇ ಅಲ್ಲ. ಪೈಥಾಗೊರಸ್ ಹೆಸರಿನಲ್ಲಿ ಚಲಾವಣೆಯಲ್ಲಿರುವ ಪದ್ಧತಿಯಲ್ಲಿ ಎ ಇಂದ ಐ ವರೆಗೆ ಒಂದರಿಂದ ಒಂಬತ್ತು, ಜೆ ಇಂದ ಮತ್ತೆ ಒಂದು. ಕ್ಯಾಲ್ಡಿಯನ್ ಎಂದು ಕರೆಯುವ ಪದ್ಧತಿಯಲ್ಲಿ ಯಾವ ಅಕ್ಷರಕ್ಕೂ ಒಂಬತ್ತನ್ನು ಕೊಡುವುದೇ ಇಲ್ಲ. ಎಫ್ ಅಕ್ಷರ ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ಎಂಟು. ಎಫ್ ತೋಳಿನ ಅಕ್ಷರ ಪುಸ್ತಕ ಬದಲಿಸಿದರೆ ಶುಕ್ರನಿಂದ ಶನಿಗೆ ಜಾರುತ್ತದೆ. 11 ಮತ್ತು 22ನ್ನು ಮಹಾಸಂಖ್ಯೆಗಳೆಂದು ಕೂಡದೆ ಹಾಗೇ ಬಿಡುವವರಿದ್ದಾರೆ, ಕೂಡುವವರೂ ಇದ್ದಾರೆ. ಅಂದಹಾಗೆ ಪೈಥಾಗೊರಸ್ ಬದುಕಿದ್ದ ಕ್ರಿ.ಪೂ. 6ನೇ ಶತಮಾನದಲ್ಲಿ ಇಂಗ್ಲಿಷಿನ ಈ 26 ಅಕ್ಷರಗಳ ಮಾಲೆಯೇ ಇರಲಿಲ್ಲ.

ಆದರೆ ಅಂಕಿಗಳನ್ನು ಕೂಡಿ ಕೂಡಿ ಒಂದಕ್ಕೆ ಇಳಿಸುವ ಕ್ರಿಯೆಯನ್ನು ನಾನು ತಳ್ಳಿಹಾಕಲಾರೆ, ಯಾಕೆಂದರೆ ಅದರ ಹಿಂದೆ ಅಪ್ಪಟ ಗಣಿತವಿದೆ. ಯಾವ ಸಂಖ್ಯೆಯನ್ನಾದರೂ ಹೀಗೆ ಇಳಿಸಿದರೆ ಉಳಿಯುವುದು ಅದನ್ನು ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷ. ಶೇಷ ಸೊನ್ನೆಯಾದರೆ ಒಂಬತ್ತು. ದೊಡ್ಡ ಗುಣಾಕಾರ ಸರಿಯಿದೆಯೇ ಎಂದು ಪರೀಕ್ಷಿಸಲು ಹಿಂದಿನ ಲೆಕ್ಕಿಗರು ಇದನ್ನೇ ಬಳಸುತ್ತಿದ್ದರು. ಅದರರ್ಥ, ಒಂಬತ್ತನ್ನೋ ಹದಿನೆಂಟನ್ನೋ ಕೂಡಿದರೂ ಕಳೆದರೂ ಸಂಖ್ಯಾಶಾಸ್ತ್ರದ ಉತ್ತರ ಬದಲಾಗುವುದಿಲ್ಲ. 44, 35, 26, 17, ಎಲ್ಲವೂ ಎಂಟೇ.

ಇದನ್ನು ಹಿಡಿದು ರನ್‌ವೇ ಕಡೆ ನೋಡಿದಾಗ ಒಂದು ಚೆಂದದ ಸಂಗತಿ ಕಂಡಿತು. ರನ್‌ವೇಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿರುವ ದೊಡ್ಡ ಅಂಕಿಗಳನ್ನು ಕಿಟಕಿಯ ಪಕ್ಕ ಕೂತವರು ಕಂಡಿರುತ್ತಾರೆ. ಅದು ದಿಕ್ಕು. ಆ ತುದಿಯಿಂದ ವಿಮಾನ ಓಡುವ ದಿಕ್ಕನ್ನು ಕಾಂತೀಯ ಉತ್ತರದಿಂದ ಡಿಗ್ರಿಗಳಲ್ಲಿ ಅಳೆದು, ಹತ್ತಿರದ ಹತ್ತಕ್ಕೆ ಹೊಂದಿಸಿ, ಕೊನೆಯ ಸೊನ್ನೆ ತೆಗೆದರೆ 01ರಿಂದ 36ರವರೆಗಿನ ಒಂದು ಸಂಖ್ಯೆ ಸಿಗುತ್ತದೆ. ಪೂರ್ವಕ್ಕೆ ಓಡಿದರೆ 09, ಅದೇ ರನ್‌ವೇಯ ಇನ್ನೊಂದು ತುದಿಯಿಂದ ಪಶ್ಚಿಮಕ್ಕೆ ಓಡಿದರೆ 27. ಎದುರುಬದುರಿನ ದಿಕ್ಕುಗಳ ನಡುವೆ 180 ಡಿಗ್ರಿ, ಆದ್ದರಿಂದ ಎರಡು ತುದಿಗಳ ನಡುವೆ ಯಾವಾಗಲೂ 18ರ ಅಂತರ. ಹದಿನೆಂಟು ಒಂಬತ್ತರ ಗುಣಕ. ಅಂದರೆ ಲೋಕದ ಯಾವ ನಿಲ್ದಾಣದ ಯಾವ ರನ್‌ವೇಯನ್ನು ತೆಗೆದುಕೊಂಡರೂ ಅದರ ಎರಡೂ ತುದಿಗಳ ಸಂಖ್ಯೆ ಕೂಡಿದರೆ ಒಂದೇ ಅಂಕಿ ಬರುತ್ತದೆ! 06 ಮತ್ತು 24, ಎರಡೂ ಆರು. 07 ಮತ್ತು 25, ಎರಡೂ ಏಳು. 18 ಮತ್ತು 36, ಎರಡೂ ಒಂಬತ್ತು. ನಂಬುವವರಿಗೆ ಇದು ವಿಸ್ಮಯ. ನನಗೂ ವಿಸ್ಮಯವೇ, ಕಾರಣ ಗೊತ್ತಾದ ಮೇಲೂ.

ಆ ಸಂಖ್ಯೆಗಳು ಶಾಶ್ವತವೂ ಅಲ್ಲ. ಭೂಮಿಯ ಕಾಂತೀಯ ಧ್ರುವ ಸರಿಯುತ್ತಲೇ ಇರುವುದರಿಂದ ರನ್‌ವೇ ಇದ್ದಲ್ಲೇ ಇದ್ದರೂ ಅದರ ಹೆಸರು ಹಳತಾಗುತ್ತದೆ. ಲಂಡನ್ನಿನ ಸ್ಟ್ಯಾನ್‌ಸ್ಟೆಡ್ ನಿಲ್ದಾಣದಲ್ಲಿ 05/23 ಆಗಿದ್ದ ರನ್‌ವೇ 2009ರಲ್ಲಿ 04/22 ಆಯಿತು. ನೋಟ್‌ಬುಕ್ಕಿನ ಭಾಷೆಯಲ್ಲಿ ಬುಧ ಹೋಗಿ ರಾಹು ಬಂದ. ಕಾಂಕ್ರೀಟು ಒಂದಂಗುಲವೂ ಕದಲಲಿಲ್ಲ. ಇನ್ನು ಲಾಸ್ ಏಂಜಲೀಸ್‌ನಲ್ಲಿ ನಾಲ್ಕು ರನ್‌ವೇಗಳು ಸಮಾನಾಂತರವಾಗಿ ಒಂದೇ ದಿಕ್ಕಿಗೆ ಮಲಗಿವೆ. ನಾಲ್ಕಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಪೈಲಟ್‌ಗಳಿಗೆ ಗೊಂದಲವಾದೀತೆಂದು ಎರಡನ್ನು 24, ಎರಡನ್ನು 25 ಎಂದು ಕರೆದು, ಎಡ-ಬಲ ಎಂದು ಬೇರೆ ಮಾಡಿದ್ದಾರೆ. ಸಂಖ್ಯೆ ಅಲ್ಲಿ ದಿಕ್ಕನ್ನೂ ತುಸು ಬಿಟ್ಟುಕೊಟ್ಟು ಮನುಷ್ಯರ ಕಿವಿಗೆ ಒಗ್ಗಿಕೊಂಡಿದೆ. ಅದು ಆ ಸಂಖ್ಯೆಯ ದೊಡ್ಡತನ ಎಂದೇ ನನಗೆ ಅನ್ನಿಸುತ್ತದೆ.

ಯಂತ್ರವೂ ಜನ್ಮದಿನಾಂಕವನ್ನು ಕೂಡುತ್ತದೆ

ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಅಡಿಯಲ್ಲಿ ಬಾಣದಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಎರಡನೆಯ ಸಾಲಿನಲ್ಲಿ ಹುಟ್ಟಿದ ವರ್ಷ, ತಿಂಗಳು, ದಿನ ಎರಡೆರಡು ಅಂಕಿಗಳಂತೆ ಇರುತ್ತವೆ. ಅವುಗಳ ಬೆನ್ನಿಗೇ ಒಂದು ಒಂಟಿ ಅಂಕಿ ಇರುತ್ತದೆ. ಅದು ಜನ್ಮದಿನಾಂಕದಿಂದಲೇ ಹುಟ್ಟಿದ ಅಂಕಿ. ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಮೊತ್ತದ ಕೊನೆಯ ಅಂಕಿಯನ್ನು ಇಟ್ಟುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದ ನಿಯಮ ಇದು.

1985ರ ಜುಲೈ 23ರಂದು ಹುಟ್ಟಿದವರೊಬ್ಬರನ್ನು ಊಹಿಸಿಕೊಳ್ಳಿ. ಸಂಖ್ಯಾಶಾಸ್ತ್ರ ಅವರ ತಾರೀಖನ್ನು ಕೂಡಿ ಐದು ಎನ್ನುತ್ತದೆ, ಇಡೀ ದಿನಾಂಕವನ್ನು ಕೂಡಿ 35, ಅಂದರೆ ಭಾಗ್ಯಸಂಖ್ಯೆ ಎಂಟು ಎನ್ನುತ್ತದೆ. ಪಾಸ್‌ಪೋರ್ಟು 850723 ಎಂದು ಬರೆದುಕೊಂಡು 56, 15, 0, 49, 6, 3 ಎಂದು ಗುಣಿಸಿ, ಕೂಡಿ 129 ಮಾಡಿ, 9 ಎನ್ನುತ್ತದೆ. ಎರಡೂ ಕಡೆ ಹುಟ್ಟಿದ ದಿನವೇ, ಎರಡೂ ಕಡೆ ಕೊನೆಗೆ ಉಳಿಯುವುದು ಒಂದೊಂದೇ ಅಂಕಿ. ಆದರೆ ಪಾಸ್‌ಪೋರ್ಟಿನ ಒಂಬತ್ತು ಆ ವ್ಯಕ್ತಿ ಸಾಹಸಿಯೋ ಕೋಪಿಷ್ಠನೋ ಹೇಳುವುದಿಲ್ಲ. ಓದುವಾಗ ಯಂತ್ರದ ಕಣ್ಣು ತಪ್ಪಿತೇ, ಒಂದು ಅಂಕಿ ಬದಲಾಯಿತೇ ಎಂಬುದನ್ನು ಹೇಳುತ್ತದೆ. ಸ್ಥಾನಕ್ಕೊಂದು ತೂಕ ಕೊಟ್ಟಿರುವುದೂ ಅದಕ್ಕೇ. ಬರೀ ಕೂಡಿದರೆ 12ನೇ ತಾರೀಖು, 21ನೇ ತಾರೀಖು ಎರಡೂ ಮೂರು. ತೂಕ ಹಾಕಿ ಕೂಡಿದರೆ ಬೇರೆ ಬೇರೆ. ಅಂಕಿಗಳು ಅದಲುಬದಲಾದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ.

ನಿಲ್ದಾಣದೊಳಗೆ ಈ ವ್ಯತ್ಯಾಸ ಕಾಲಿಗೇ ತಾಗುತ್ತದೆ. 12ನೇ ಗೇಟಿಗೂ 21ನೇ ಗೇಟಿಗೂ ಗ್ರಹ ಒಂದೇ ಇರಬಹುದು, ನಡುವೆ ಗಾಲಿಪೆಟ್ಟಿಗೆ ಎಳೆದುಕೊಂಡು ಓಡಬೇಕಾದ ದೂರವಿದೆ. ಸಂಖ್ಯಾಶಾಸ್ತ್ರ ಅಂಕಿಗಳ ಸ್ಥಾನವನ್ನು ಮರೆಯುತ್ತದೆ. ನಿಲ್ದಾಣದಲ್ಲಿ ಸ್ಥಾನವೇ ಎಲ್ಲ. ವಯಸ್ಸಾದವರ ಜೊತೆ ಮಾತಾಡುವಾಗ ನಾನು ಒತ್ತಿ ಹೇಳುವುದು ಇದೊಂದನ್ನೇ.

ಹದಿಮೂರನೇ ಸಾಲು

ಸಂಖ್ಯೆಗೆ ಹೆದರುವುದು ಓದುಬರಹ ಕಡಿಮೆ ಇರುವವರು ಮಾತ್ರ ಎಂದುಕೊಂಡವರು ವಿಮಾನದೊಳಗೆ ಸಾಲು ಎಣಿಸಬೇಕು. ಲುಫ್ತಾನ್ಸದ ವಿಮಾನಗಳಲ್ಲಿ 13ನೇ ಸಾಲೂ ಇಲ್ಲ, 17ನೇ ಸಾಲೂ ಇಲ್ಲ. ಇಟಲಿಯಲ್ಲಿ ಹದಿನೇಳು ಕೆಟ್ಟದ್ದೆಂಬ ನಂಬಿಕೆಯಿದೆ. ಬ್ರಸೆಲ್ಸ್ ಏರ್‌ಲೈನ್ಸ್ ತನ್ನ ಲಾಂಛನವನ್ನು ಹದಿಮೂರು ಚುಕ್ಕೆಗಳಲ್ಲಿ ಬಿಡಿಸಿ ಸಿದ್ಧಪಡಿಸಿದಾಗ ಪ್ರಯಾಣಿಕರು ಆಕ್ಷೇಪಿಸಿದರು, ಹದಿನಾಲ್ಕನೆಯ ಚುಕ್ಕೆ ಸೇರಿತು. ಪಶ್ಚಿಮದಲ್ಲಿ ಸೈತಾನನದ್ದೆಂದು ಅಂಜುವ 666ನೇ ಸಂಖ್ಯೆಯ ಫಿನ್‌ಏರ್ ವಿಮಾನ ಕೋಪನ್‌ಹೇಗನ್‌ನಿಂದ ಹೆಲ್ಸಿಂಕಿಗೆ ವರ್ಷಗಟ್ಟಲೆ ಹಾರಿ, 2017ರ ಅಕ್ಟೋಬರ್ 13ರ ಶುಕ್ರವಾರ ಆ ಸಂಖ್ಯೆಯಲ್ಲಿ ಕೊನೆಯ ಸಲ ಹಾರಿತು. ಸುರಕ್ಷಿತವಾಗಿಯೇ ಇಳಿಯಿತು.

ನನ್ನ ಆ ಹಿರಿಯ ಗೆಳತಿ ಹೆದರಿದ ಎಂಟು ಚೀನಾದಲ್ಲಿ ಎಲ್ಲರೂ ಬಯಸುವ ಅಂಕಿ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ 2008ರ ಎಂಟನೇ ತಿಂಗಳ ಎಂಟನೇ ತಾರೀಖು ರಾತ್ರಿ ಎಂಟಕ್ಕೆ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೀಜಿಂಗ್‌ಗೆ ಹಾರುವ ವಿಮಾನಕ್ಕೆ ಯುನೈಟೆಡ್ ಸಂಸ್ಥೆ ಕೊಟ್ಟ ಸಂಖ್ಯೆ 888. ನಾಲ್ಕನ್ನು ಕಂಡರೆ ಮಾತ್ರ ಚೀನಾ, ಜಪಾನ್, ಕೊರಿಯಾದವರಿಗೂ ಆಗದು, ಅವರ ಕಾರಣ ಬೇರೆ: ಆ ಪದದ ಉಚ್ಚಾರ ಸಾವು ಎಂಬ ಪದದ ಹಾಗಿದೆ.

ಒಂದು ಸಂಖ್ಯೆಯ ಬಗ್ಗೆ ಮಾತ್ರ ನಾನು ತಗ್ಗಿದ ದನಿಯಲ್ಲೇ ಬರೆಯಬಲ್ಲೆ. ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನ 2014ರ ಮಾರ್ಚ್ 8ರಂದು 239 ಜನರೊಂದಿಗೆ ಕಣ್ಮರೆಯಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ಸಂಖ್ಯೆಯನ್ನು ಕೈಬಿಟ್ಟು ಅದೇ ದಾರಿಯ ವಿಮಾನಕ್ಕೆ 318 ಎಂದು ಹೆಸರಿಟ್ಟಿತು. ಮೂರು ಏಳು ಸೊನ್ನೆ ಕೂಡಿದರೆ ಹತ್ತು, ಅಂದರೆ ಒಂದು, ಪುಸ್ತಕಗಳು ಸೂರ್ಯನೆಂದು ಕೊಂಡಾಡುವ ಅಂಕಿ. ಸಂಖ್ಯೆಯನ್ನು ತೆಗೆದದ್ದು ಅದು ಅಶುಭವೆಂದಲ್ಲ, ಅದರಲ್ಲಿದ್ದವರ ಗೌರವಕ್ಕೆಂದು. ತಮ್ಮವರನ್ನು ಕಳೆದುಕೊಂಡವರು ಪರದೆಯ ಮೇಲೆ ಅದನ್ನು ಪ್ರತಿದಿನ ನೋಡುವಂತಾಗಬಾರದು. ಸಂಖ್ಯೆಗೆ ಮನುಷ್ಯರು ಅರ್ಥ ತುಂಬುವುದು ಹೀಗೂ ಇದೆ. ಈ ಅರ್ಥದ ಮುಂದೆ ನಾನು ವಾದ ಮಾಡುವುದಿಲ್ಲ.

ದಾರಿ ಓದುವುದು

ಹಾಗಾದರೆ ಕೈಯಲ್ಲಿರುವ ಚೀಟಿಯನ್ನು ಹೇಗೆ ಓದಬೇಕು? ಟಿಕೆಟ್ಟಿನ ಹದಿಮೂರು ಅಂಕಿಗಳನ್ನು ಬಿಟ್ಟುಬಿಡಬಹುದು; ಮೊದಲ ಮೂರು ವಿಮಾನ ಸಂಸ್ಥೆಯ ಗುರುತು, ಉಳಿದದ್ದು ಅವರ ದಾಖಲೆಗೆ. (ಹದಿಮೂರಕ್ಕೆ ಅಂಜುವವರೂ ಆ ಉದ್ದದ ಸಂಖ್ಯೆಯನ್ನು ಇಟ್ಟುಕೊಂಡೇ ಕ್ಷೇಮವಾಗಿ ಊರು ಸೇರುತ್ತಿದ್ದಾರೆ.) ಬ್ಯಾಗಿನ ಪಟ್ಟಿಯ ಹತ್ತು ಅಂಕಿಗಳು ಬ್ಯಾಗು ಬಾರದೆ ಹೋದರೆ ಮಾತ್ರ ಬೇಕು, ಆದರೆ ಆಗ ತೀರಾ ಬೇಕು, ಅದರ ಚೂರನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ನಿಜವಾಗಿ ಕಣ್ಣಿಡಬೇಕಾದದ್ದು ವಿಮಾನದ ಸಂಖ್ಯೆ, ಗೇಟು, ಗೇಟು ಮುಚ್ಚುವ ಹೊತ್ತು. ಇವುಗಳಲ್ಲಿ ಗೇಟು ಬದಲಾಗುತ್ತದೆ. ಮುದ್ರಿತ ಚೀಟಿಗಿಂತ ಪರದೆಯದ್ದೇ ಕೊನೆಯ ಮಾತು. ವಿಮಾನದ ಸಂಖ್ಯೆಯಲ್ಲೂ ಒಂದು ತೊಡಕಿದೆ: ಎರಡು ಮೂರು ಸಂಸ್ಥೆಗಳು ಒಂದೇ ವಿಮಾನದ ಆಸನಗಳನ್ನು ಮಾರಿದರೆ ಆ ಒಂದೇ ವಿಮಾನಕ್ಕೆ ಎರಡು ಮೂರು ಸಂಖ್ಯೆಗಳಿರುತ್ತವೆ. ಪರದೆಯಲ್ಲಿ ಅವು ಒಂದಾದ ಮೇಲೊಂದು ಬಂದು ಹೋಗುತ್ತವೆ. ನಿಮ್ಮದು ಕಾಣದಿದ್ದರೆ ಗಾಬರಿಯಾಗದೆ ಒಂದು ಗಳಿಗೆ ನಿಲ್ಲಿ. ಶುಭಾಶುಭ ನೋಡುವವರಿಗೂ ಇದನ್ನೇ ಕೇಳಬೇಕೆನಿಸುತ್ತದೆ, ಜಗಳಕ್ಕಲ್ಲ: ಅಕ್ಕಪಕ್ಕದ ಆಸನದ ಇಬ್ಬರು ಬೇರೆ ಬೇರೆ ಸಂಖ್ಯೆಯ ವಿಮಾನದಲ್ಲಿ ಒಟ್ಟಿಗೇ ಹಾರುತ್ತಿದ್ದರೆ ಯಾರ ಸಂಖ್ಯೆ ನಡೆಯಬೇಕು?

ಗೇಟಿನಲ್ಲಿ ಮೊದಲು ಅಕ್ಷರ, ಆಮೇಲೆ ಅಂಕಿ. ಅಕ್ಷರ ತೋರಿಸಿದ ಕಡೆ ಹೋಗುವವರೆಗೆ ಅಂಕಿಯನ್ನು ಹುಡುಕಬೇಡಿ. ಕೆಲವು ತೋಳುಗಳಿಗೆ ಹೋಗುವ ಮುನ್ನ ಪಾಸ್‌ಪೋರ್ಟ್ ತಪಾಸಣೆ ಅಥವಾ ಮತ್ತೊಮ್ಮೆ ಭದ್ರತಾ ತಪಾಸಣೆ ಇರುತ್ತದೆ, ಅದಕ್ಕೆ ಹೊತ್ತು ಇಟ್ಟುಕೊಳ್ಳಿ. ಸಂಖ್ಯೆಗಳ ನಡುವೆ ಬಿಡುವಿದ್ದರೆ ದಾರಿ ತಪ್ಪಿತೆಂದು ಭಯಪಡಬೇಡಿ. ಕಟ್ಟಡಗಳು ಬೆಳೆಯುತ್ತವೆ, ಮುಚ್ಚುತ್ತವೆ, ಸಂಖ್ಯೆ ಹಾಗೇ ಉಳಿದುಬಿಡುತ್ತದೆ. ಲಂಡನ್ನಿನ ಹೀಥ್ರೂನಲ್ಲಿ 2, 3, 4, 5 ಎಂಬ ಟರ್ಮಿನಲ್‌ಗಳಿವೆ, ಒಂದನೆಯದು 2015ರಲ್ಲಿ ಮುಚ್ಚಿತು.

ದಾರಿಯನ್ನು ಬಿಡಿಸಿ ಹೇಳಬೇಕೆಂಬ ಕಾಳಜಿ ಇಲ್ಲವೇ ಇಲ್ಲ ಎನ್ನಲಾರೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ 1967ರಲ್ಲಿ ಹೊಸ ಟರ್ಮಿನಲ್ ತೆರೆದಾಗ ಬೆನ್ನೊ ವಿಸಿಂಗ್ ಎಂಬ ವಿನ್ಯಾಸಕಾರ ವಿಮಾನದ ಕಡೆಗಿನ ದಾರಿಗೆ ಹಳದಿ ಫಲಕ, ಉಳಿದ ಸೌಕರ್ಯಗಳಿಗೆ ಬೇರೆ ಬಣ್ಣ ಎಂದು ಗೊತ್ತುಮಾಡಿದರು. ಗೊತ್ತಿಲ್ಲದ ಕಟ್ಟಡದಲ್ಲಿ ಹಳದಿಯನ್ನು ಹಿಂಬಾಲಿಸಿದರೆ ಸಾಕು ಎಂಬ ಭರವಸೆ ಎಷ್ಟು ದೊಡ್ಡದೆಂದು ಅಲ್ಲಿ ನಡೆದವರಿಗೆ ಗೊತ್ತು. ಗೇಟಿಗೆ ಎಷ್ಟು ನಿಮಿಷದ ನಡಿಗೆ ಎಂದು ಬರೆಯುವ ಫಲಕಗಳನ್ನು ಕಂಡಾಗಲೂ ನನಗೆ ಬರೆದವರ ಬಗ್ಗೆ ಪ್ರೀತಿ ಹುಟ್ಟುತ್ತದೆ. ಇದರ ಜೊತೆ ಪ್ರತಿ ತೋಳಿನ ಬುಡದಲ್ಲಿ ಇನ್ನೊಂದು ಫಲಕ ಬೇಕು, ಎಪ್ಪತ್ತು ದಾಟಿದ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ: "ಇದು ಬಿ. ಸಣ್ಣ ಸಂಖ್ಯೆ ಇಲ್ಲೇ ಹತ್ತಿರ, ದೊಡ್ಡ ಸಂಖ್ಯೆ ದೂರ. ಸಮಸಂಖ್ಯೆ ನಿಮ್ಮ ಬಲಕ್ಕೆ, ಬೆಸಸಂಖ್ಯೆ ಎಡಕ್ಕೆ. ಕೊನೆಯ ಗೇಟಿಗೆ ಹತ್ತು ನಿಮಿಷ. ನಿಧಾನವಾಗಿ ನಡೆಯುವವರಿಗೆ ಹದಿನೈದು."